ಗದರಿಸಿಕೊಂಡ ರೋಗಿ ಮತ್ತೆ ಬರುವುದಿಲ್ಲ

ದೇವರಾಯನದುರ್ಗದ ತಪ್ಪಲಿನ ಹಳ್ಳಿಯ ಹೆಂಗಸೊಬ್ಬಳಿಗೆ ತುಮಕೂರಿನ ದೊಡ್ಡಾಸ್ಪತ್ರೆ ಎಂದರೆ ಒಂದು ಇಡೀ ದಿನದ ಕೆಲಸ. ದೂರ ಹದಿನೈದು ಕಿಲೋಮೀಟರ್ ಆಸುಪಾಸು, ಅಷ್ಟೇ. ಆದರೆ ದನಕ್ಕೆ ಮೇವು ಹಾಕಿ, ಡೇರಿಗೆ ಹಾಲು ಕೊಟ್ಟು, ಮನೆಯವರಿಗೆ ಅಡುಗೆ ಮಾಡಿಟ್ಟು, ಬಸ್ಸಿಗೆ ಕಾದು ಊರು ಸೇರುವ ಹೊತ್ತಿಗೆ ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲು ಬೆಳೆದಿರುತ್ತದೆ. ಜೊತೆಗೆ ಬಂದವರ ಕೂಲಿಯೂ ಆ ದಿನ ಹೋಯಿತು. ರಕ್ತಪರೀಕ್ಷೆ ಬರೆದರೆ ನಾಳೆ ಇನ್ನೊಮ್ಮೆ ಬರಬೇಕು. ಕುಣಿಗಲ್, ಗುಬ್ಬಿಯ ಹಳ್ಳಿಗಳಿಂದ ಸ್ಕ್ಯಾನಿಂಗ್‌ಗೆಂದು ಜಿಲ್ಲಾ ಕೇಂದ್ರಕ್ಕೆ ಬರುವವರ ಲೆಕ್ಕವೂ ಹೆಚ್ಚು ಕಡಿಮೆ ಇದೇ.

ಇಷ್ಟೆಲ್ಲ ಖರ್ಚು ಮಾಡಿ ಬಂದವಳಿಗೆ ಡಾಕ್ಟರ ಎದುರು ಸಿಗುವ ಹೊತ್ತು ಎಷ್ಟು? 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಭಾರತದ್ದು ಸುಮಾರು ಎರಡು ನಿಮಿಷ. ಆಕೆ ಮನೆಗೆ ಕೊಂಡೊಯ್ಯುವುದು ಆ ಎರಡು ನಿಮಿಷವನ್ನು. ಮಾತ್ರೆಯ ಹೆಸರು ನೆನಪಿರುವುದಿಲ್ಲ. ಡಾಕ್ಟ್ರು ಮುಖ ನೋಡಿ ಮಾತಾಡಿದರೋ, ಮೊಬೈಲ್ ನೋಡುತ್ತ ಬರೆದುಕೊಟ್ಟರೋ ಎನ್ನುವುದು ವರ್ಷಗಟ್ಟಲೆ ನೆನಪಿರುತ್ತದೆ.

ವೈದ್ಯರ ಸೌಜನ್ಯವನ್ನು ನಾವು ಚಿಕಿತ್ಸೆಯ ಮೇಲಿನ ಅಲಂಕಾರವೆಂಬಂತೆ ಕಾಣುತ್ತ ಬಂದಿದ್ದೇವೆ. ‘ಒರಟು, ಆದರೆ ಒಳ್ಳೆ ಡಾಕ್ಟ್ರು’ ಎಂದು ಹೇಳಿ ಸಮಾಧಾನ ಮಾಡಿಕೊಳ್ಳುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಡ ಜಿಲ್ಲೆಯಲ್ಲಿ, ಯಂತ್ರಗಳು ಕಡಿಮೆ ಇರುವ ಕಡೆ, ರೋಗ ಪತ್ತೆಯಾಗುವುದೇ ಮಾತಿನಲ್ಲಿ. 1975ರಲ್ಲಿ ಇಂಗ್ಲೆಂಡಿನ ವೈದ್ಯರ ತಂಡವೊಂದು 80 ಹೊಸ ಹೊರರೋಗಿಗಳನ್ನು ಗಮನಿಸಿ ವರದಿ ಮಾಡಿತು. ರೋಗಿ ಹೇಳಿದ್ದನ್ನು ಕೇಳಿ ಮಾಡಿದ ನಿರ್ಧಾರವೇ 66 ಮಂದಿಯಲ್ಲಿ ಕೊನೆಗೂ ಸರಿಯಾಗಿತ್ತು. ಮೈಮುಟ್ಟಿ ಮಾಡಿದ ಪರೀಕ್ಷೆ ನಿರ್ಧಾರವನ್ನು ಬದಲಿಸಿದ್ದು ಏಳು ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆ ಬದಲಿಸಿದ್ದು ಇನ್ನೇಳು ಮಂದಿಯಲ್ಲಿ. ಅಂದಿನಿಂದ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೆ ಯಾವ ಯಂತ್ರಕ್ಕೆ ಕಳುಹಿಸಬೇಕೆಂದು ತಿಳಿಯಬೇಕಾದರೂ ಮೊದಲು ರೋಗಿ ಹೇಳಬೇಕು, ವೈದ್ಯ ಕೇಳಬೇಕು.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ದಶಕಗಳ ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುಗಟ್ಟುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗದಂತಾಗುತ್ತದೆ. ಅಂಥವರು ‘ಸೊಂಟ ಹಿಡ್ಕಂಡೈತೆ ಸ್ವಾಮಿ’ ಎಂದು ಬಂದಾಗ ನೋವಿನ ಮಾತ್ರೆ ಬರೆದುಕೊಡುವುದಕ್ಕೆ ಅರ್ಧ ನಿಮಿಷ ಸಾಕು. ‘ಯಾವೂರು? ಯಾವ ನೀರು ಕುಡೀತೀರಿ? ಮನೇಲಿ ಇನ್ಯಾರಿಗೆ ಹೀಗಿದೆ?’ ಎಂದು ಕೇಳುವುದಕ್ಕೆ ಇನ್ನೊಂದು ನಿಮಿಷ ಬೇಕು. ಈ ಮೂರು ಪ್ರಶ್ನೆಗಳಲ್ಲಿ ಸೌಜನ್ಯವೂ ಇದೆ, ರೋಗಪತ್ತೆಯೂ ಇದೆ. ಎರಡನ್ನೂ ಬೇರೆ ಮಾಡಿ ತೋರಿಸಲು ನನ್ನಿಂದಾಗದು.

ರೋಗಿಗೆ ಮಾತಾಡಲು ಬಿಟ್ಟರೆ ನಿಲ್ಲಿಸುವುದೇ ಇಲ್ಲ ಎಂಬುದು ವೈದ್ಯರ ಸಾಮಾನ್ಯ ಆತಂಕ. ಇದನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ 74 ಭೇಟಿಗಳ ಧ್ವನಿಮುದ್ರಣ ಕೇಳಿದಾಗ ತಿಳಿದದ್ದು, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಮಾತು ಹಾಕುತ್ತಿದ್ದರು. ಬಂದ ಕಾರಣವನ್ನು ಪೂರ್ತಿ ಹೇಳಿ ಮುಗಿಸಿದವರು 17 ಮಂದಿ ಮಾತ್ರ. ಸ್ವಿಟ್ಜರ್ಲೆಂಡಿನ ವೈದ್ಯರು 2002ರಲ್ಲಿ ಇದರ ಇನ್ನೊಂದು ಬದಿಯನ್ನು ಪರೀಕ್ಷಿಸಿದರು. 335 ರೋಗಿಗಳಿಗೆ ನಡುವೆ ಬಾಯಿ ಹಾಕದೆ ಮಾತಾಡಲು ಬಿಟ್ಟರು. ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ನಿಲ್ಲಿಸಿದರು. ಹತ್ತರಲ್ಲಿ ಎಂಟು ಮಂದಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ನಮ್ಮ ಕಡೆಯವರು ಕಾಯಿಲೆಯನ್ನು ಹೇಳಿಕೊಳ್ಳುವ ಕ್ರಮವೇ ಬೇರೆ. ‘ಎಷ್ಟು ದಿನದಿಂದ?’ ಎಂದರೆ ತಾರೀಖು ಬರುವುದಿಲ್ಲ. ‘ದುರ್ಗದ ತೇರು ಆದ್ಮೇಲೆ’ ಎನ್ನುತ್ತಾರೆ. ದೇವರಾಯನದುರ್ಗದ ಭೋಗಾನರಸಿಂಹನ ರಥ ಎಳೆಯುವುದು ಫಾಲ್ಗುಣದಲ್ಲಿ. ಈ ನೆಲದ ವೈದ್ಯನಿಗೆ ಅದು ತಾರೀಖಿನಷ್ಟೇ ಖಚಿತವಾದ ಉತ್ತರ. ‘ದೊಡ್ಡ ಮಗಳ ಬಾಣಂತನ ಮಾಡಿದ್ನಲ್ಲ, ಆಗ್ಲಿಂದ’ ಎಂದವಳು ಹರಟುತ್ತಿಲ್ಲ. ನಿದ್ದೆಗೆಟ್ಟ ತಿಂಗಳುಗಳು, ಎತ್ತಿದ ನೀರಿನ ಕೊಡಗಳು, ಅಳಿಯನ ಮನೆಯ ಚಿಂತೆ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಹೇಳಿದ್ದಾಳೆ. ಅದಕ್ಕೆ ‘ಅದೆಲ್ಲ ಬೇಡಮ್ಮ, ನೋವು ಎಲ್ಲಿ ಹೇಳು’ ಎಂಬ ಉತ್ತರ ಬಂದರೆ ಮುಂದಿನ ಮಾತು ಗಂಟಲಲ್ಲೇ ಉಳಿಯುತ್ತದೆ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗೆ ಇರಬೇಕಾದ ಗುಣಗಳಲ್ಲಿ ತನ್ನ ಕಾಯಿಲೆಯನ್ನು ಸರಿಯಾಗಿ ಹೇಳಿಕೊಳ್ಳುವುದೂ ಒಂದು, ಭಯವಿಲ್ಲದಿರುವುದೂ ಒಂದು. ಗದರುವ ವೈದ್ಯನೆದುರು ಈ ಎರಡೂ ಒಟ್ಟಿಗೇ ಕುಸಿಯುತ್ತವೆ.

ಗದರಿಕೆಯ ಭಯ ಏನನ್ನು ಮುಚ್ಚಿಡುತ್ತದೆ ಎಂಬುದನ್ನು ತುಸು ವಿವರವಾಗಿ ಹೇಳಬೇಕು. ದುರ್ಗದ ತಪ್ಪಲಿನ ನಾಮದ ಚಿಲುಮೆಯ ಸುತ್ತಿನ ಕಾಡು ಗಿಡಮೂಲಿಕೆಗೆ ಹೆಸರಾದದ್ದು. ಅಮೃತಬಳ್ಳಿ, ಮಧುನಾಶಿನಿ, ಕಿರಾತಕಡ್ಡಿ ಇವು ಈ ಭಾಗದ ಮನೆಮನೆಯ ಮಾತು. ಸಕ್ಕರೆ ಕಾಯಿಲೆಯವರು ಆಸ್ಪತ್ರೆಯ ಮಾತ್ರೆಯ ಜೊತೆಗೆ ಮಧುನಾಶಿನಿ ಸೊಪ್ಪನ್ನೂ ಅಗಿಯುವುದುಂಟು. ‘ಸೊಪ್ಪು ಗಿಪ್ಪು ತಿಂತೀಯಾ? ಹಾಗಾದ್ರೆ ಇಲ್ಲಿಗ್ಯಾಕೆ ಬಂದೆ?’ ಎಂದು ಒಮ್ಮೆ ಅನ್ನಿಸಿಕೊಂಡವರು ಮತ್ತೆಂದೂ ಆ ವಿಷಯ ಎತ್ತುವುದಿಲ್ಲ. ಸೊಪ್ಪು ಬಿಡುವುದೂ ಇಲ್ಲ. ಆ ಸೊಪ್ಪಿಗೂ ಸಕ್ಕರೆ ಇಳಿಸುವ ಗುಣವಿದೆ. ಮಾತ್ರೆ, ಸೊಪ್ಪು ಎರಡೂ ಸೇರಿ ಸಕ್ಕರೆ ತೀರ ಕೆಳಗಿಳಿದರೆ ಬೆವರು, ನಡುಕ, ಕಣ್ಣುಕತ್ತಲೆ. ಹೊಲದಲ್ಲಿ ಒಬ್ಬರೇ ಇದ್ದಾಗ ಹಾಗಾದರೆ ಜೀವಕ್ಕೇ ಸಂಚಕಾರ. ಹಾವು ಕಚ್ಚಿದಾಗ ಮೊದಲು ಮಂತ್ರ ಹಾಕಿಸಿದ್ದು, ಹೆಂಡ ಬಿಟ್ಟಿಲ್ಲದ್ದು, ಬಿಪಿ ಮಾತ್ರೆ ದುಡ್ಡಿಲ್ಲದೆ ಹದಿನೈದು ದಿನ ನಿಲ್ಲಿಸಿದ್ದು, ಎಲ್ಲವನ್ನೂ ಹೀಗೆಯೇ ಬಚ್ಚಿಡುತ್ತಾರೆ. ‘ಮಾತ್ರೆ ತಗೊಂಡ್ಯಾ?’ ಎಂದರೆ ತಲೆಯಾಡಿಸುತ್ತಾರೆ. ಆ ತಲೆಯಾಟವನ್ನು ನಂಬಿ ವೈದ್ಯರು ಮಾತ್ರೆಯ ಪ್ರಮಾಣ ಏರಿಸುತ್ತಾರೆ.

ಬಿಪಿ, ಸಕ್ಕರೆ ಎರಡೂ ಜೀವನಪೂರ್ತಿ ಜೊತೆಗಿರುವ ಕಾಯಿಲೆಗಳು. ಒಮ್ಮೆ ಬಂದು ಇಂಜಕ್ಷನ್ ಹಾಕಿಸಿಕೊಂಡು ಹೋದರೆ ಮುಗಿಯುವುದಿಲ್ಲ, ತಿಂಗಳು ತಿಂಗಳು ಬರಬೇಕು. ಗದರಿಸಿಕೊಂಡವರು ಬರುವುದಿಲ್ಲ. ಹಾಗೆಂದು ಸುಮ್ಮನೆ ಮನೆಯಲ್ಲೂ ಕೂರುವುದಿಲ್ಲ. ಹಳೆ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ, ಅಥವಾ ಓದಿಲ್ಲದೆ ಬೋರ್ಡು ಹಾಕಿಕೊಂಡವನ ಬಳಿಗೆ. ಅವನು ‘ಬಾರಕ್ಕ, ಕೂತ್ಕೋ, ಬಿಸಿಲಲ್ಲಿ ಬಂದಿದೀಯ’ ಎನ್ನುತ್ತಾನೆ. ಕೈ ಹಿಡಿದು ನಾಡಿ ನೋಡುತ್ತಾನೆ. ಮಗನ ಓದಿನ ವಿಚಾರ ಕೇಳುತ್ತಾನೆ. ಆಮೇಲೆ ಬೇಡದ ಗ್ಲೂಕೋಸ್ ಏರಿಸುತ್ತಾನೆ, ಸ್ಟೀರಾಯ್ಡ್ ಚುಚ್ಚುತ್ತಾನೆ. ನಕಲಿ ವೈದ್ಯರ ಮೇಲೆ ದಾಳಿಗಳು ನಡೆಯುತ್ತಲೇ ಇರುತ್ತವೆ, ನಡೆಯಬೇಕು ಕೂಡ. ಆದರೆ ಅವರ ಬಂಡವಾಳ ಏನೆಂಬುದನ್ನು ಅಸಲಿ ವೈದ್ಯರು ಒಮ್ಮೆ ನೋಡಬೇಕು. ಕುರ್ಚಿ ತೋರಿಸಿ ಕೂರಿಸುವುದು ಎಂಬಿಬಿಎಸ್ ಓದಿದವರಿಗೆ ಅಸಾಧ್ಯವಾದದ್ದೇನೂ ಅಲ್ಲ.

ಮಾತು ಕೆಟ್ಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ತುಮಕೂರು 2022ರ ನವೆಂಬರ್ ಮೊದಲ ವಾರದಲ್ಲಿ ಕಂಡಿತು. ತಮಿಳುನಾಡು ಮೂಲದ, ಗಂಡನಿಲ್ಲದ ಬಡ ಗರ್ಭಿಣಿಯೊಬ್ಬಳನ್ನು ಹೆರಿಗೆ ನೋವು ಕಾಣಿಸಿಕೊಂಡಾಗ ನೆರೆಮನೆಯವರು ಜಿಲ್ಲಾ ಆಸ್ಪತ್ರೆಗೆ ಕರೆತಂದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ, ಬೆಂಗಳೂರಿಗೆ ಹೋಗಿ ಎಂದು ಹೇಳಿ ಕಳುಹಿಸಿದರು ಎಂಬುದು ಅಂದು ಕೇಳಿಬಂದ ಆರೋಪ. ಆಕೆ ಮನೆಗೆ ಮರಳಿದಳು. ಮನೆಯಲ್ಲೇ ಅವಳಿ ಮಕ್ಕಳ ಹೆರಿಗೆಯಾಗಿ ತಾಯಿ, ಎರಡು ಕೂಸು ಮೂವರೂ ತೀರಿಕೊಂಡರು. ಆಕೆಯ ಮೊದಲ ಮಗಳು ಅನಾಥಳಾದಳು. ಕರ್ತವ್ಯದಲ್ಲಿದ್ದ ವೈದ್ಯೆಯೂ ಮೂವರು ದಾದಿಯರೂ ಅಮಾನತಾದರು. ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ತುಮಕೂರಿಗೆ ಬಂದರು. ತುರ್ತು ಚಿಕಿತ್ಸೆಗೆ ಯಾವ ದಾಖಲೆಯನ್ನೂ ಕೇಳಕೂಡದು ಎಂಬ ಮಾತು ಮತ್ತೊಮ್ಮೆ ಹೊರಬಿತ್ತು.

ಈ ಸಾವನ್ನು ನಿಯಮಪಾಲನೆಯ ಕಥೆಯಾಗಿ ಓದಿದರೆ ಸಾಲದು ಎಂದು ನನಗನ್ನಿಸುತ್ತದೆ. ನೋವಿನಲ್ಲಿರುವ ಹೆಂಗಸು ಬಾಗಿಲಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಯಾವುದು? ‘ಎಷ್ಟು ಹೊತ್ತಿನಿಂದ ನೋವು?’ ಎಂಬುದೋ, ‘ಕಾರ್ಡ್ ಎಲ್ಲಿ?’ ಎಂಬುದೋ? ಮೊದಲನೆಯದನ್ನು ಕೇಳಿದವರು ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಾರೆ, ಅವಳಿ ಎಂದು ತಿಳಿಯುತ್ತದೆ, ಮುಂದಿನದೆಲ್ಲ ಬೇರೆಯಾಗುತ್ತದೆ. ಎರಡನೆಯದನ್ನು ಕೇಳಿದವರ ಎದುರು ಇಲ್ಲದ ಒಂದು ಕಾಗದ ಮಾತ್ರ ನಿಂತಿರುತ್ತದೆ.

ಹೆರಿಗೆ ಕೋಣೆಯ ಬೈಗುಳದ ಬಗ್ಗೆ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಹೊರಗೆ ಹೇಳುವುದು ಕಡಿಮೆ. ನೋವಿಗೆ ಕೂಗಿದ್ದಕ್ಕೆ ಅನ್ನಿಸಿಕೊಂಡ ಮಾತು ಮಗು ದೊಡ್ಡದಾದ ಮೇಲೂ ಮಾಸುವುದಿಲ್ಲ. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಗೌರವಯುತ ಆರೈಕೆ ಸಿಗಬೇಕೆಂದು ಬರೆದಿಟ್ಟಿದೆ. ಹೆರಿಗೆಯ ವೇಳೆ ಅವ್ವನೋ ಅತ್ತೆಯೋ ಅಕ್ಕನೋ ಒಬ್ಬರು ಪಕ್ಕದಲ್ಲಿ ಇರಬಹುದು ಎಂದೂ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಮನೆಯವರೊಬ್ಬರು ಪಕ್ಕದಲ್ಲಿದ್ದರೆ ಬೈಗುಳ ತಾನಾಗಿ ಕಡಿಮೆಯಾಗುತ್ತದೆ.

ಇದೇ ತುಮಕೂರಿನ ಇನ್ನೊಂದು ನೆನಪು ಬೇರೆ ಬಗೆಯದು. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತಮ್ಮ 111ನೆಯ ವಯಸ್ಸಿನಲ್ಲಿ ಕೊನೆಯ ಹಾಸಿಗೆಯಲ್ಲಿದ್ದರು. ಆಸ್ಪತ್ರೆ ಬೇಡ, ಮಠಕ್ಕೆ ಕರೆದೊಯ್ಯಿರಿ ಎಂಬ ಅವರ ಇಚ್ಛೆಯನ್ನು ವೈದ್ಯರು ಮನ್ನಿಸಿ ಹಳೆಯ ಮಠದಲ್ಲೇ ಚಿಕಿತ್ಸೆ ಮುಂದುವರಿಸಿದರು. ಅವರ ಆರೋಗ್ಯದ ಸ್ಥಿತಿಯನ್ನು ದಿನದಿನವೂ ಜನರಿಗೆ ತಿಳಿಸುತ್ತಿದ್ದರು. ಜನವರಿ 21ರಂದು ಬೆಳಗ್ಗೆ 11.44ಕ್ಕೆ ಶ್ರೀಗಳು ಲಿಂಗೈಕ್ಯರಾದಾಗ, ಮಕ್ಕಳ ಊಟ ಆಗುವವರೆಗೆ ಸುದ್ದಿ ಹೊರಗೆ ಹೇಳಬೇಡಿ ಎಂಬ ಅವರ ಸೂಚನೆಯನ್ನು ಪಾಲಿಸಲಾಯಿತು ಎಂದು ಅಂದಿನ ಪತ್ರಿಕೆಗಳು ಬರೆದವು. ಕೆಟ್ಟ ಸುದ್ದಿಯನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕೆಂಬುದನ್ನು ಹಸಿದ ಸಾವಿರಾರು ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಯೋಚಿಸಿದ ಮನಸ್ಸು ಅದು. ಹೆಸರಿಲ್ಲದ ರೈತನ ಮನೆಯವರಿಗೂ ಇಂಥದೇ ಎಚ್ಚರ ಸಲ್ಲಬೇಕು. ಐಸಿಯು ಬಾಗಿಲು ಅರ್ಧ ತೆರೆದು ‘ಪೇಷಂಟ್ ಹೋಗಿದ್ದಾರೆ, ಬಿಲ್ ಕ್ಲಿಯರ್ ಮಾಡಿ’ ಎಂದು ಹೇಳಿ ಒಳಗೆ ಹೋಗುವುದು ಎಲ್ಲೂ ನಡೆಯಬಾರದು.

ಒಪ್ಪಿಗೆ ಪತ್ರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುಣಿಗಲ್ ಮೂಲಕ ಬೆಂಗಳೂರು-ಮಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಅಪಘಾತದ ಗಾಯಾಳುಗಳನ್ನು ರಾತ್ರೋರಾತ್ರಿ ಹೊತ್ತು ತರುತ್ತಾರೆ. ಗುಬ್ಬಿಯ ಕಡೆಯಿಂದ ತೆಂಗಿನ ಮರದಿಂದ ಬಿದ್ದವರು ಬರುತ್ತಾರೆ. ನಡುಗುವ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ‘ಇಲ್ಲಿ ಸೈನ್ ಹಾಕಿ’ ಎಂದರೆ ಅದು ಒಪ್ಪಿಗೆಯಾಗುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಏನು ಮಾಡುತ್ತೇವೆ, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡದಿದ್ದರೆ ಏನಾದೀತು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು.

ವೈದ್ಯರ ಕಡೆಯ ಮಾತನ್ನು ಕೇಳದೆ ಇದನ್ನೆಲ್ಲ ಬರೆಯುವುದು ಅನ್ಯಾಯ. ಬೆಳಗಿನ ಓಪಿಡಿಯಲ್ಲಿ ನೂರರ ಮೇಲೆ ಚೀಟಿಗಳು ಮೇಜಿನ ಮೇಲೆ ಬಿದ್ದಿರುವಾಗ, ಹಿಂದಿನ ರಾತ್ರಿ ಡ್ಯೂಟಿ ಮಾಡಿ ಕಣ್ಣು ಉರಿಯುತ್ತಿರುವಾಗ, ಬಾಗಿಲಲ್ಲಿ ‘ಎಷ್ಟೊತ್ತು ಕಾಯೋದು’ ಎಂಬ ಕೂಗು ಏಳುತ್ತಿರುವಾಗ ಶಾಂತವಾಗಿ ಮಾತಾಡುವುದು ಸುಲಭವಲ್ಲ. ವೈದ್ಯರ ಮೇಲೆ ಕೈ ಮಾಡುವವರನ್ನು ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಹೊಡೆತಕ್ಕೆ ಸಿಕ್ಕುವವರು ಸಾಮಾನ್ಯವಾಗಿ ಕಿರಿಯ ವೈದ್ಯರು, ದಾದಿಯರು. ಖಾಲಿ ಹುದ್ದೆ ತುಂಬದಿರುವ ತೀರ್ಮಾನ ಮಾಡಿದವರು ಎಲ್ಲೋ ಇರುತ್ತಾರೆ. ಒಬ್ಬ ವೈದ್ಯನಿಂದ ಮೂವರ ಕೆಲಸ ತೆಗೆದು, ಮೇಲೆ ನಗುಮುಖವನ್ನೂ ಬೇಡುವುದು ಸರ್ಕಾರಕ್ಕೆ ತಕ್ಕುದಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಅದೇ ನೂಕುನುಗ್ಗಲಿನಲ್ಲಿ, ಅದೇ ಸಂಬಳದಲ್ಲಿ, ಪಕ್ಕದ ಕೋಣೆಯ ವೈದ್ಯರೊಬ್ಬರು ಹೆಸರು ಹಿಡಿದು ಮಾತಾಡಿಸುತ್ತಿರುವುದನ್ನು ಈ ಜಿಲ್ಲೆಯ ಜನ ಕಂಡಿದ್ದಾರೆ. ಸಾಲು ಯಾವ ಬಾಗಿಲ ಮುಂದೆ ಉದ್ದವಾಗುತ್ತದೆ ಎಂಬುದನ್ನು ನೋಡಿದರೆ ಅವರು ಯಾರೆಂದು ತಿಳಿಯುತ್ತದೆ.

ಹೀಗೆ ಮಾತಾಡುವುದನ್ನು ಕಲಿಸಬಹುದು. ಭಾರತೀಯ ವೈದ್ಯಕೀಯ ಮಂಡಳಿ 2018ರಲ್ಲಿ ನಡವಳಿಕೆ, ನೀತಿ, ಸಂವಹನಗಳ ಪಾಠವನ್ನು ರೂಪಿಸಿತು. 2019ರ ಬ್ಯಾಚಿನಿಂದ ಎಂಬಿಬಿಎಸ್‌ನ ಎಲ್ಲ ವರ್ಷಗಳಲ್ಲೂ ‘ಎಟ್‌ಕಾಮ್’ ಹೆಸರಿನಲ್ಲಿ ಅದು ಕಡ್ಡಾಯವಾಗಿದೆ. ಅಗಳಕೋಟೆಯ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಿಂದ ಇರುವ ಊರು ತುಮಕೂರು. ಇಲ್ಲಿ ಓದುವವರು ನಾಡಿನ, ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಅವರಿಗೆ ‘ಎದೆ ಕಿವುಚಿದಂಗಾಗುತ್ತೆ’, ‘ಕೈಕಾಲು ಜೋಮು ಹಿಡಿಯುತ್ತೆ’, ‘ಹೊಟ್ಟೆ ತೊಳಸುತ್ತೆ’ ಎಂಬ ಮಾತುಗಳ ವ್ಯತ್ಯಾಸ ತಿಳಿಯದೆ ಹೋದರೆ ಪುಸ್ತಕದ ಓದು ಅರ್ಧಕ್ಕೇ ನಿಲ್ಲುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು 2024ರಲ್ಲಿ ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕು ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಬರೆದೂ ತೋರಿಸಿದರು. ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ‘ಬೆಳಗ್ಗೆ ತಿಂಡಿ ಆದ ಮೇಲೆ ಒಂದು’ ಎಂಬುದು ಕನ್ನಡದಲ್ಲಿದ್ದರೆ ಶಾಲೆಗೆ ಹೋಗುವ ಮೊಮ್ಮಗಳು ಅಜ್ಜಿಗೆ ಓದಿ ಹೇಳುತ್ತಾಳೆ.

ಸಮಯ ಕಡಿಮೆ ಇರುವಾಗಲೂ ಮಾಡಬಹುದಾದದ್ದಿದೆ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರೊಬ್ಬರು ಕೆಲವು ರೋಗಿಗಳ ಬಳಿ ನಿಂತು, ಕೆಲವರ ಬಳಿ ಕುಳಿತು ಮಾತಾಡಿದ ಪ್ರಯೋಗದ ವರದಿ 2012ರಲ್ಲಿ ಪ್ರಕಟವಾಯಿತು. ನಿಂತಾಗ ಹಿಡಿದದ್ದು ಸರಾಸರಿ 1 ನಿಮಿಷ 28 ಸೆಕೆಂಡ್, ಕುಳಿತಾಗ 1 ನಿಮಿಷ 4 ಸೆಕೆಂಡ್. ಆದರೆ ಕುಳಿತು ಮಾತಾಡಿಸಿಕೊಂಡ ರೋಗಿಗಳಿಗೆ ಡಾಕ್ಟರು ಐದು ನಿಮಿಷಕ್ಕೂ ಹೆಚ್ಚು ಹೊತ್ತು ತಮ್ಮ ಬಳಿ ಇದ್ದರೆನಿಸಿತ್ತು. ಇಂಗ್ಲೆಂಡಿನ ಡಾ. ಕೇಟ್ ಗ್ರೇಂಜರ್ ಸ್ವತಃ ಕ್ಯಾನ್ಸರಿಗೆ ತುತ್ತಾಗಿ ಹಾಸಿಗೆ ಹಿಡಿದಾಗ, ತನ್ನನ್ನು ಮುಟ್ಟಿ ನೋಡುವವರು ತಮ್ಮ ಹೆಸರನ್ನೂ ಹೇಳುವುದಿಲ್ಲವಲ್ಲ ಎಂದು ನೊಂದರು. ‘ನಮಸ್ಕಾರ, ನನ್ನ ಹೆಸರು ಇಂಥದು’ ಎಂದು ಶುರುಮಾಡಿ ಎಂಬ ಅವರ 2013ರ ಅಭಿಯಾನ ಆ ದೇಶದ ಆಸ್ಪತ್ರೆಗಳಿಗೆಲ್ಲ ಹಬ್ಬಿತು. 2016ರಲ್ಲಿ ಅವರು ತೀರಿಕೊಂಡರು.

ನಮ್ಮಲ್ಲೂ ಹೀಗೆ ಬದುಕಿ ತೋರಿಸಿದವರಿದ್ದಾರೆ. ಐದು ರೂಪಾಯಿ ಪಡೆದು ರಸ್ತೆಬದಿಯಲ್ಲೇ ಕೂತು ನೋಡುವ ಮಂಡ್ಯದ ಚರ್ಮರೋಗ ವೈದ್ಯ ಡಾ. ಶಂಕರೇಗೌಡರ ಮುಂದೆ ಜನ ನೆರೆಯುವುದಕ್ಕೆ ಐದು ರೂಪಾಯಿ ಒಂದೇ ಕಾರಣವಲ್ಲ. ಅಲ್ಲಿ ಬಾಗಿಲಿಲ್ಲ, ಬಾಗಿಲು ಕಾಯುವವನೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡು ನಡೆಸಿತು. ಅವರ ನೇತೃತ್ವದ ಕಾರ್ಯಪಡೆ 2001ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ ಸಮಾನತೆ, ಗುಣಮಟ್ಟಗಳ ಜೊತೆಗೆ ಪ್ರಾಮಾಣಿಕತೆಯನ್ನೂ ಮುಖ್ಯ ಗುರಿಯಾಗಿಸಿಕೊಂಡಿತ್ತು.

ಕಾನೂನಿನಲ್ಲೂ ರೋಗಿಯ ಪರವಾದ ಮಾತಿದೆ. ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ 2017ರಲ್ಲಿ ರಾಜ್ಯ ತಂದ ತಿದ್ದುಪಡಿ, ಅಂದಿನ ವೈದ್ಯರ ಮುಷ್ಕರದ ನಡುವೆಯೂ, ರೋಗಿಗಳ ಹಕ್ಕುಗಳ ಸನ್ನದನ್ನು ಒಳಗೊಂಡಿತು. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ 2002ರದು. ಆಸ್ಪತ್ರೆ ಗೋಡೆಯ ಮೇಲೆ ಈ ಸನ್ನದು ತೂಗುತ್ತಿದ್ದರೂ ಅದನ್ನು ಓದಿ ಕೇಳುವ ಧೈರ್ಯ ಕೂಲಿಯವಳಿಗೆ ಬರುವುದು ಎದುರಿಗಿರುವವರು ಕೇಳಲು ಬಿಟ್ಟಾಗ ಮಾತ್ರ.

ಡಾಕ್ಟರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಆಗಲೇ ಮರೆಯುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ಅದಕ್ಕೆ ಪರಿಹಾರವೂ ಇದೆ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ಮನೆಗೋಗಿ ಈ ಮಾತ್ರೆ ಹೆಂಗೆ ತಗೋತೀಯಮ್ಮ, ಒಂದ್ಸಲ ಹೇಳು ನೋಡೋಣ’ ಎಂದರೆ ನಿಜ ಗೊತ್ತಾಗುತ್ತದೆ. ವೈದ್ಯರಿಗೆ ಪುರುಸೊತ್ತಿಲ್ಲದಿದ್ದರೆ ಮಾತ್ರೆ ಎಣಿಸಿ ಕೊಡುವ ಔಷಧ ವಿತರಕರು, ದಾದಿಯರು ಇದನ್ನು ಕೇಳಬಹುದು.

ಬಿಪಿ, ಸಕ್ಕರೆ ಇರುವವರ ಹೆಸರು ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಯಲ್ಲಿದೆ. ಔಷಧಕ್ಕೆ ಬಾರದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ ‘ಯಾಕೆ ಬರ್ಲಿಲ್ಲ?’ ಎಂದು ವಿಚಾರಿಸುತ್ತಾರೆ. ಅದರ ಜೊತೆಗೆ ‘ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದೂ ಕೇಳಲಿ. ದುರ್ಗದ ತಪ್ಪಲಿನ ಮನೆಗಳಲ್ಲಿ ಅವರಿಗೆ ಸಿಗುವ ಉತ್ತರ ವೈದ್ಯಾಧಿಕಾರಿಗಳ ತಿಂಗಳ ಸಭೆಗೆ, ಎಷ್ಟು ಲಸಿಕೆ ಹಾಕಿದಿರಿ, ಎಷ್ಟು ಹೆರಿಗೆ ಆಯಿತು ಎಂಬ ಅಂಕಿಗಳ ಪಕ್ಕದಲ್ಲೇ ಬರಲಿ.